ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ, ಮಹಾವೀರ ಚಕ್ರ (ಮರಣೋತ್ತರ): ಜೀವನ ಮತ್ತು ಸೇವೆ

ಸಂಕ್ಷಿಪ್ತ ವಿವರ

ಹೆಸರು: ಅಜ್ಜಮಾಡ ಬೊಪ್ಪಯ್ಯ ದೇವಯ್ಯ
ಜನನ: 24 ಡಿಸೆಂಬರ್ 1932
ಜಿಲ್ಲೆ: ಕೊಡಗು
ಸೇವೆ: ಭಾರತೀಯ ವಾಯುಪಡೆ, ಯುದ್ಧವಿಮಾನ ಚಾಲಕ
ಸೇವೆಗೆ ನಿಯುಕ್ತಿ: 6 ಡಿಸೆಂಬರ್ 1954
ಪದವಿ: ಸ್ಕ್ವಾಡ್ರನ್ ಲೀಡರ್
ದಳ: 1ನೇ ಸ್ಕ್ವಾಡ್ರನ್
ವೀರಮರಣ: 7 ಸೆಪ್ಟೆಂಬರ್ 1965
ಪ್ರಶಸ್ತಿ: ಮಹಾವೀರ ಚಕ್ರ, ಮರಣೋತ್ತರ, 1988

1. ಪೀಠಿಕೆ

ಮಡಿಕೇರಿ ನಗರವನ್ನು ಪ್ರವೇಶಿಸುವ ಪ್ರಯಾಣಿಕರಿಗೆ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತದಲ್ಲಿ ವಾಯುಪಡೆಯ ಅಧಿಕಾರಿಯೊಬ್ಬರ ಪ್ರತಿಮೆ ಕಾಣಸಿಗುತ್ತದೆ. ಇದು ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯನವರ ಪ್ರತಿಮೆಯಾಗಿದ್ದು, ಸದರಿ ವೃತ್ತಕ್ಕೂ ಅವರ ಹೆಸರನ್ನೇ ಇಡಲಾಗಿದೆ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ತಮ್ಮ ವಿಮಾನಕ್ಕಿಂತ ಸುಮಾರು ಎರಡು ಪಟ್ಟು ವೇಗವುಳ್ಳ ಶತ್ರು ವಿಮಾನವೊಂದನ್ನು ಎದುರಿಸಿ ಹೊಡೆದುರುಳಿಸಿ, ಅದೇ ಹೋರಾಟದಲ್ಲಿ ಪ್ರಾಣಾರ್ಪಣೆ ಮಾಡಿದ ಕೀರ್ತಿ ಇವರದಾಗಿದೆ.

ಇಂತಹ ಸಾಹಸವೊಂದು ನಡೆದಿತ್ತು ಎಂಬ ಸಂಗತಿಯು ಅವರ ದಳಕ್ಕಾಗಲೀ, ಕುಟುಂಬಕ್ಕಾಗಲೀ, ಸರ್ಕಾರಕ್ಕಾಗಲೀ ಬಹುಕಾಲ ತಿಳಿದಿರಲಿಲ್ಲ. ದಾಖಲೆಗಳಲ್ಲಿ ಅವರು ಕಾರ್ಯಾಚರಣೆಯಿಂದ ಹಿಂದಿರುಗದೆ ಕಾಣೆಯಾದ ಅಧಿಕಾರಿ ಮಾತ್ರವಾಗಿದ್ದರು. ಸತ್ಯಾಂಶವು ಹೊರಬಂದು, ದಾಖಲೆಯು ಸರಿಹೋಗಿ, ಅವರಿಗೆ ಸಲ್ಲಬೇಕಾದ ಗೌರವವು ಸಲ್ಲಲು 23 ವರ್ಷಗಳೇ ಬೇಕಾದವು. ಅವರ ಜೀವನದ ಜೊತೆಗೆ ಅಂದಿನ ವಾಯುಪಡೆಯ ರಚನೆ, ವಿಮಾನಗಳು ಹಾಗೂ ಆಧುನೀಕರಣದ ಕುರಿತ ಮಾಹಿತಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

2. ಜನನ ಮತ್ತು ಹಿನ್ನೆಲೆ

ದೇವಯ್ಯನವರು 1932ನೇ ಇಸವಿಯ ಡಿಸೆಂಬರ್ 24ರಂದು ಕೊಡಗಿನ ಕುಟುಂಬವೊಂದರಲ್ಲಿ ಜನಿಸಿದರು. ಇವರ ತಂದೆ ಬೊಪ್ಪಯ್ಯನವರು ವೈದ್ಯರಾಗಿದ್ದರು. ಕೊಡವರಲ್ಲಿ ವ್ಯಕ್ತಿಯ ಹೆಸರಿನ ಮುಂದೆ ಒಕ್ಕದ, ಅಂದರೆ ಮನೆತನದ ಹೆಸರನ್ನು ಸೇರಿಸುವುದು ವಾಡಿಕೆಯಾಗಿದ್ದು, ಅದರಂತೆ ಅಜ್ಜಮಾಡ ಎಂಬುದು ಇವರ ಒಕ್ಕದ ಹೆಸರು, ಬೊಪ್ಪಯ್ಯ ಎಂಬುದು ತಂದೆಯ ಹೆಸರು.

ಆಗ ಕೊಡಗು ಬ್ರಿಟಿಷ್ ಆಡಳಿತಕ್ಕೆ ಒಳಪಟ್ಟ ಪ್ರತ್ಯೇಕ ಪ್ರಾಂತ್ಯವಾಗಿತ್ತು. ಸ್ವಾತಂತ್ರ್ಯಾನಂತರ ಕೆಲವು ವರ್ಷ ಪ್ರತ್ಯೇಕ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. ಸೈನ್ಯಕ್ಕೆ ಸೇರುವುದು ಕೊಡಗಿನ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿಯಾಗಿದೆ. ಭಾರತೀಯ ಭೂಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ 1949ರ ಜನವರಿ 15ರಂದು ಅಧಿಕಾರ ಸ್ವೀಕರಿಸಿದ ಕೆ.ಎಂ. ಕಾರ್ಯಪ್ಪನವರು ಹಾಗೂ 1957ರಿಂದ 1961ರವರೆಗೆ ಭೂಸೇನಾ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯನವರು ಇದೇ ನೆಲದವರು. ದೇವಯ್ಯನವರ ಹದಿಹರೆಯದ ವಯಸ್ಸಿನಲ್ಲಿ ಕಾರ್ಯಪ್ಪನವರ ನೇಮಕವು ಕೊಡಗಿನ ಮನೆಮಾತಾಗಿತ್ತು. ಆದರೆ ದೇವಯ್ಯನವರು ಆರಿಸಿಕೊಂಡದ್ದು ಭೂಸೇನೆಯನ್ನಲ್ಲ, ಆಗಿನ್ನೂ ಎಳೆಯದಾಗಿದ್ದ ವಾಯುಪಡೆಯನ್ನು.

3. ವಾಯುಪಡೆಯ ಸ್ಥಾಪನೆ ಮತ್ತು ರಚನೆ

ಭಾರತೀಯ ವಾಯುಪಡೆಯು ದೇವಯ್ಯನವರ ಓರಗೆಯದೇ ಆಗಿದೆ. 1932ರ ಅಕ್ಟೋಬರ್ 8ರಂದು, ಅಂದರೆ ಅವರು ಹುಟ್ಟುವುದಕ್ಕೆ ಸುಮಾರು ಎರಡೂವರೆ ತಿಂಗಳು ಮುಂಚೆ, ವಾಯುಪಡೆಯು ಅಸ್ತಿತ್ವಕ್ಕೆ ಬಂದಿತು. ಈ ದಿನವನ್ನು ಪ್ರತಿ ವರ್ಷ ವಾಯುಪಡೆ ದಿನವನ್ನಾಗಿ ಆಚರಿಸಲಾಗುತ್ತಿದೆ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ವಾಪಿಟಿ ಎಂಬ ಎರಡು ರೆಕ್ಕೆಸಾಲಿನ ಕೆಲವೇ ವಿಮಾನಗಳೊಂದಿಗೆ 1ನೇ ಸ್ಕ್ವಾಡ್ರನ್ ಪ್ರಾರಂಭಗೊಂಡಿತು. ಮೂರು ದಶಕಗಳ ನಂತರ ದೇವಯ್ಯನವರು ಸೇರಿದ್ದು ಇದೇ ಹೆಸರಿನ ದಳಕ್ಕೆ. 1947ರ ದೇಶವಿಭಜನೆಯ ಸಂದರ್ಭದಲ್ಲಿ ಕೆಲಕಾಲ ಇಲ್ಲದಂತಾಗಿದ್ದ ಈ ದಳವನ್ನು 1953ರಲ್ಲಿ ಮತ್ತೆ ಕಟ್ಟಲಾಯಿತು.

ವಾಯುಪಡೆಯ ಮೂಲ ಹೋರಾಟದ ಘಟಕವನ್ನು ಸ್ಕ್ವಾಡ್ರನ್ ಎಂದು ಕರೆಯಲಾಗುತ್ತದೆ. ಒಂದು ಯುದ್ಧವಿಮಾನ ಸ್ಕ್ವಾಡ್ರನ್‌ನಲ್ಲಿ ಸಾಮಾನ್ಯವಾಗಿ 16ರಿಂದ 18 ವಿಮಾನಗಳಿರುತ್ತವೆ. ಸ್ಕ್ವಾಡ್ರನ್‌ಗಳು ವಾಯುನೆಲೆಗಳ ಅಧೀನದಲ್ಲೂ, ವಾಯುನೆಲೆಗಳು ಕಮಾಂಡ್‌ಗಳ ಅಧೀನದಲ್ಲೂ, ಕಮಾಂಡ್‌ಗಳು ನವದೆಹಲಿಯ ವಾಯುಪಡೆಯ ಕೇಂದ್ರ ಕಛೇರಿಯ ಅಧೀನದಲ್ಲೂ ಕಾರ್ಯ ನಿರ್ವಹಿಸುತ್ತವೆ. ಪ್ರಸ್ತುತ ಪಶ್ಚಿಮ, ಪೂರ್ವ, ಮಧ್ಯ, ನೈಋತ್ಯ ಮತ್ತು ದಕ್ಷಿಣ ಎಂಬ ಐದು ಕಾರ್ಯಾಚರಣಾ ಕಮಾಂಡ್‌ಗಳೂ, ನಿರ್ವಹಣಾ ಕಮಾಂಡ್ ಮತ್ತು ತರಬೇತಿ ಕಮಾಂಡ್ ಎಂಬ ಎರಡು ಕಮಾಂಡ್‌ಗಳೂ ಸೇರಿ ಒಟ್ಟು ಏಳು ಕಮಾಂಡ್‌ಗಳು ಇರುತ್ತವೆ. ಇವುಗಳ ಪೈಕಿ ತರಬೇತಿ ಕಮಾಂಡ್‌ನ ಕೇಂದ್ರ ಸ್ಥಾನವು ಬೆಂಗಳೂರಿನಲ್ಲಿದೆ. ಯಲಹಂಕ, ಜಾಲಹಳ್ಳಿ ಹಾಗೂ ಬೀದರ್‌ಗಳಲ್ಲಿಯೂ ವಾಯುಪಡೆಯ ಕೇಂದ್ರಗಳಿವೆ.

ಸ್ಕ್ವಾಡ್ರನ್ ಲೀಡರ್ ಎಂಬುದು ಭೂಸೇನೆಯ ಮೇಜರ್ ಹುದ್ದೆಗೆ ಸಮನಾದ ಒಂದು ಪದವಿಯ ಹೆಸರಾಗಿದ್ದು, ಆ ಪದವಿಯಲ್ಲಿರುವವರೆಲ್ಲರೂ ದಳದ ಮುಖ್ಯಸ್ಥರೇ ಆಗಿರಬೇಕೆಂದಿಲ್ಲ. 1965ರಲ್ಲಿ 1ನೇ ಸ್ಕ್ವಾಡ್ರನ್‌ನ ಮುಖ್ಯಸ್ಥರಾಗಿದ್ದವರು ಅದಕ್ಕಿಂತ ಮೇಲಿನ ಪದವಿಯ ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ಅವರು. ದೇವಯ್ಯನವರ ವಿಷಯದಲ್ಲಿ ಇವರು ವಹಿಸಿದ ಪಾತ್ರವನ್ನು ಮುಂದೆ ವಿವರಿಸಲಾಗಿದೆ.

4. ಸೇವೆಗೆ ಸೇರ್ಪಡೆ ಹಾಗೂ ಅಂದಿನ ವಿಮಾನಗಳು

ದೇವಯ್ಯನವರು 1954ರ ಡಿಸೆಂಬರ್ 6ರಂದು ವಾಯುಪಡೆಯಲ್ಲಿ ವಿಮಾನ ಚಾಲಕ ಅಧಿಕಾರಿಯಾಗಿ ನಿಯುಕ್ತಿಗೊಂಡರು. ಆಗ ಅವರಿಗೆ 22 ವರ್ಷ ತುಂಬಲು ಕೆಲವೇ ದಿನಗಳಿದ್ದವು. ಅದೇ ವರ್ಷದ ಏಪ್ರಿಲ್ 1ರಂದು ಸುಬ್ರತೋ ಮುಖರ್ಜಿಯವರು ವಾಯುಪಡೆಯ ಪ್ರಥಮ ಭಾರತೀಯ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡಿದ್ದರು. ಹೀಗೆ ವಾಯುಪಡೆಯು ಸಂಪೂರ್ಣವಾಗಿ ಭಾರತೀಯರ ನೇತೃತ್ವಕ್ಕೆ ಬಂದ ವರ್ಷದಲ್ಲಿಯೇ ಅವರ ಸೇವೆಯೂ ಆರಂಭವಾಯಿತು.

ಅದು ವಾಯುಪಡೆಯ ಮೊದಲ ದೊಡ್ಡ ಆಧುನೀಕರಣದ ಕಾಲವಾಗಿತ್ತು. 1948ರಲ್ಲಿ ವ್ಯಾಂಪೈರ್ ಎಂಬ ಜೆಟ್ ಯುದ್ಧವಿಮಾನವನ್ನು ಬ್ರಿಟನ್‌ನಿಂದ ಪಡೆಯಲಾಗಿತ್ತು. 1953ರಲ್ಲಿ ಫ್ರಾನ್ಸ್‌ನಿಂದ ತೂಫಾನಿ ವಿಮಾನಗಳು ಬಂದವು. 1957ರ ಸುಮಾರಿಗೆ ಫ್ರಾನ್ಸ್‌ನ ಮಿಸ್ಟೇರ್, ಬ್ರಿಟನ್‌ನ ಹಂಟರ್ ಮತ್ತು ಕ್ಯಾನ್‌ಬೆರಾ ಬಾಂಬರ್ ವಿಮಾನಗಳೂ, ಅದರ ಬೆನ್ನಲ್ಲೇ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನವೂ ಸೇರ್ಪಡೆಗೊಂಡವು.

ಈ ಕಾರ್ಯದಲ್ಲಿ ಬೆಂಗಳೂರಿನ ಪಾಲು ಗಣನೀಯವಾದುದು. 1940ರ ಡಿಸೆಂಬರ್‌ನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ವ್ಯಾಂಪೈರ್ ಹಾಗೂ ನ್ಯಾಟ್ ವಿಮಾನಗಳನ್ನು ಪರವಾನಗಿಯ ಮೇರೆಗೆ ತಯಾರಿಸಲಾಯಿತು. ಅಲ್ಲಿಯೇ ವಿನ್ಯಾಸಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನವು 1951ರಲ್ಲಿ ಮೊದಲ ಬಾರಿಗೆ ಹಾರಾಟ ನಡೆಸಿತು. ಸ್ವದೇಶಿ ಜೆಟ್ ಯುದ್ಧವಿಮಾನ ಮಾರುತ್ 1961ರ ಜೂನ್ 17ರಂದು ಬೆಂಗಳೂರಿನ ಆಗಸದಲ್ಲಿ ಪ್ರಥಮ ಹಾರಾಟ ಮಾಡಿತು. ಆದರೆ ಅದು ವಾಯುಪಡೆಯ ದಳಗಳಿಗೆ ಸೇರುವ ವೇಳೆಗೆ 1965ರ ಯುದ್ಧವು ಮುಗಿದಿತ್ತು.

5. ಮಿಸ್ಟೇರ್ ಮತ್ತು ಸ್ಟಾರ್‌ಫೈಟರ್

ದೇವಯ್ಯನವರು ಚಲಾಯಿಸಿದ ಮಿಸ್ಟೇರ್ ಒಬ್ಬನೇ ಚಾಲಕನ, ಒಂದೇ ಎಂಜಿನ್ನಿನ ವಿಮಾನ. ಭಾರತವು ಇಂತಹ ನೂರಕ್ಕೂ ಹೆಚ್ಚು ವಿಮಾನಗಳನ್ನು ಖರೀದಿಸಿತ್ತು. ಇದರಲ್ಲಿ 30 ಮಿಲಿಮೀಟರ್ ಗಾತ್ರದ ಎರಡು ಫಿರಂಗಿಗಳಿದ್ದವು. ನೇರ ಹಾರಾಟದಲ್ಲಿ ಇದರ ಗರಿಷ್ಠ ವೇಗವು ಶಬ್ದದ ವೇಗಕ್ಕಿಂತ ಕಡಿಮೆ ಇತ್ತು. ನೆಲದ ಮೇಲಿನ ಗುರಿಗಳ ಮೇಲೆ ದಾಳಿ ನಡೆಸಲು ಇದು ಸೂಕ್ತವಾಗಿತ್ತು. ಆದರೆ 1965ರ ಹೊತ್ತಿಗೆ ಹೊಸ ತಲೆಮಾರಿನ ಯುದ್ಧವಿಮಾನಗಳನ್ನು ಆಕಾಶದಲ್ಲಿ ಎದುರಿಸುವ ಮಟ್ಟಿಗೆ ಹಳೆಯದಾಗಿತ್ತು.

ಪಾಕಿಸ್ತಾನದ ಬಳಿ ಅಮೆರಿಕದಿಂದ ಪಡೆದ ಸೇಬರ್ ಹಾಗೂ ಎಫ್-104 ಸ್ಟಾರ್‌ಫೈಟರ್ ವಿಮಾನಗಳಿದ್ದವು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನವಾಗಿತ್ತು. ಅದರಲ್ಲಿ ಕ್ಷಿಪಣಿಗಳೂ, ಅತಿ ವೇಗವಾಗಿ ಗುಂಡು ಹಾರಿಸುವ ಫಿರಂಗಿಯೂ ಇದ್ದವು. ಮಿಸ್ಟೇರ್‌ಗಳಲ್ಲಿ ಅಂತಹ ಕ್ಷಿಪಣಿಗಳಿರಲಿಲ್ಲ. ಭಾರತವು ಸೋವಿಯತ್ ಒಕ್ಕೂಟದಿಂದ ಮಿಗ್-21 ವಿಮಾನಗಳನ್ನು 1963ರಿಂದ ತರಿಸಿಕೊಳ್ಳಲು ಆರಂಭಿಸಿತ್ತಾದರೂ ಯುದ್ಧದ ವೇಳೆಗೆ ಬೆರಳೆಣಿಕೆಯಷ್ಟು ಮಾತ್ರ ಬಂದಿದ್ದವು.

ಹೀಗಿದ್ದರೂ ಒಂದು ವಿಷಯವನ್ನು ಗಮನಿಸಬೇಕಾಗಿದೆ. ಸ್ಟಾರ್‌ಫೈಟರ್‌ನ ರೆಕ್ಕೆಗಳು ಬಹಳ ಚಿಕ್ಕವು. ನೇರವಾಗಿ ಹಾರುವಾಗ ಅದನ್ನು ಹಿಡಿಯುವವರಿಲ್ಲ, ಆದರೆ ತಿರುಗಬೇಕಾದಾಗ ಅದಕ್ಕೆ ವಿಶಾಲವಾದ ಜಾಗ ಬೇಕು. ಮಿಸ್ಟೇರ್ ಅದಕ್ಕಿಂತ ಕಡಿಮೆ ಜಾಗದಲ್ಲಿ ತಿರುಗಬಲ್ಲದು. ಶತ್ರುವು ತನ್ನ ವೇಗವನ್ನು ತಗ್ಗಿಸಿ ಹತ್ತಿರದ ಸೆಣಸಾಟಕ್ಕೆ ಇಳಿದಲ್ಲಿ ಮಾತ್ರ, ನುರಿತ ಮಿಸ್ಟೇರ್ ಚಾಲಕನಿಗೆ ಒಂದು ಅವಕಾಶವಿತ್ತು.

6. 1965ರ ಸೆಪ್ಟೆಂಬರ್ 7ರ ಕಾರ್ಯಾಚರಣೆ

ಯುದ್ಧ ಸನ್ನಿಹಿತವಾದಾಗ ದೇವಯ್ಯನವರು ವಾಯುಪಡೆಯ ತರಬೇತಿ ಸಂಸ್ಥೆಯಲ್ಲಿ ಬೋಧಕರಾಗಿದ್ದರು. ಕಿರಿಯ ಅಧಿಕಾರಿಗಳಿಗೆ ಹಾರಾಟವನ್ನು ಕಲಿಸುವ ಈ ಕೆಲಸಕ್ಕೆ ಅನುಭವಸ್ಥರನ್ನು ಮಾತ್ರ ಆರಿಸಲಾಗುತ್ತದೆ. ಅಲ್ಲಿಂದ ಅವರನ್ನು ಪಂಜಾಬಿನ ಆದಂಪುರ ವಾಯುನೆಲೆಯಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ನಿಯೋಜಿಸಲಾಯಿತು. ಆಗ ಅವರ ವಯಸ್ಸು 32.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ನಡೆಸಿ, ನೆಲದ ಮೇಲೆ ನಿಂತಿದ್ದ ಹಲವು ಭಾರತೀಯ ವಿಮಾನಗಳನ್ನು ನಾಶಪಡಿಸಿದವು. ಅದೇ ರಾತ್ರಿ ಪಠಾಣ್‌ಕೋಟ್, ಹಲ್ವಾರಾ ಮತ್ತು ಆದಂಪುರ ವಾಯುನೆಲೆಗಳ ಸಮೀಪ ಪಾಕಿಸ್ತಾನವು ಪ್ಯಾರಾಚೂಟ್ ಸೈನಿಕರನ್ನು ಇಳಿಸಿತು. ಇಂತಹ ಆತಂಕದ ರಾತ್ರಿಯಲ್ಲಿಯೇ ಮರುದಿನ ಮುಂಜಾನೆಯ ಪ್ರತಿದಾಳಿಗೆ ವಿಮಾನಗಳನ್ನು ಸಿದ್ಧಗೊಳಿಸಬೇಕಾಯಿತು.

ಗುರಿಯು ಪಾಕಿಸ್ತಾನದ ಅತ್ಯಂತ ಪ್ರಮುಖ ವಾಯುನೆಲೆಯಾದ ಸರ್ಗೋಧಾ ಆಗಿತ್ತು. ಇದು ಆದಂಪುರದಿಂದ ನೇರ ಹಾದಿಯಲ್ಲಿ ಸುಮಾರು 300 ಕಿ.ಮೀ. ದೂರದಲ್ಲಿದೆ. ಸೇಬರ್ ಮತ್ತು ಸ್ಟಾರ್‌ಫೈಟರ್‌ಗಳು ಅಲ್ಲಿ ನೆಲೆಸಿದ್ದವು. ವಿಮಾನ ನಿರೋಧಕ ಫಿರಂಗಿಗಳ ಕಾವಲೂ ಇತ್ತು. ರಾಡಾರ್‌ನ ಕಣ್ಣು ತಪ್ಪಿಸಲು ಮರಗಳ ಎತ್ತರದಲ್ಲಿ ಹಾರಬೇಕಾಗಿತ್ತು. ಕೆಳಮಟ್ಟದ ಹಾರಾಟದಲ್ಲಿ ಇಂಧನವು ಬೇಗನೆ ವ್ಯಯವಾಗುವುದರಿಂದ, ಹೋಗಿ ದಾಳಿ ಮಾಡಿ ಮರಳುವಷ್ಟಕ್ಕೆ ಮಾತ್ರ ಇಂಧನ ಸಾಲುತ್ತಿತ್ತು. ದಾರಿಯಲ್ಲಿ ಶತ್ರು ವಿಮಾನದೊಂದಿಗೆ ಸೆಣಸಾಟಕ್ಕೆ ನಿಂತಲ್ಲಿ ಮನೆಗೆ ಮರಳುವುದು ಕಷ್ಟವೆಂಬುದು ಹೊರಟ ಎಲ್ಲರಿಗೂ ತಿಳಿದಿದ್ದ ಸಂಗತಿಯಾಗಿತ್ತು.

ತನೇಜಾ ಅವರ ನೇತೃತ್ವದಲ್ಲಿ 12 ಮಿಸ್ಟೇರ್ ವಿಮಾನಗಳನ್ನು ಈ ಕಾರ್ಯಾಚರಣೆಗೆ ನಿಗದಿಪಡಿಸಲಾಗಿತ್ತು. ದೇವಯ್ಯನವರ ಹೆಸರು ಆ 12ರಲ್ಲಿ ಇರಲಿಲ್ಲ. ಯಾವುದಾದರೂ ವಿಮಾನವು ಕೈಕೊಟ್ಟಲ್ಲಿ ಅದರ ಸ್ಥಾನವನ್ನು ತುಂಬಲು ಅವರನ್ನು ಕಾಯ್ದಿರಿಸಿದ ಚಾಲಕರನ್ನಾಗಿ ನೇಮಿಸಲಾಗಿತ್ತು. ಬೆಳಕು ಹರಿಯುವ ಮುನ್ನವೇ ವಿಮಾನಗಳು ಆದಂಪುರದಿಂದ ಹೊರಟವು. ದೇವಯ್ಯನವರೂ ಆಗಸಕ್ಕೇರಿ ದಾಳಿಯ ತಂಡವನ್ನು ಸೇರಿಕೊಂಡರು.

ದಾಳಿ ಮುಗಿಸಿ ಮಿಸ್ಟೇರ್‌ಗಳು ಮರಳಿದಾಗ ದೇವಯ್ಯನವರ ವಿಮಾನ ಅವುಗಳೊಂದಿಗೆ ಇರಲಿಲ್ಲ. ಅವರು ಎಲ್ಲಿ, ಹೇಗೆ ಬಿದ್ದರೆಂಬುದನ್ನು ಸಹಚರರು ಯಾರೂ ಕಂಡಿರಲಿಲ್ಲ. ಕಾಯಲಾಯಿತು. ಇಂಧನ ಮುಗಿಯುವ ಸಮಯವೂ ಕಳೆಯಿತು.

7. ಕಾಣೆಯಾದವರ ಪಟ್ಟಿಯಲ್ಲಿ

ಸೆಪ್ಟೆಂಬರ್ 23ರಂದು ಕದನ ವಿರಾಮ ಜಾರಿಗೆ ಬಂದಿತು. ಅದಕ್ಕೆ ಮುನ್ನಾದಿನ, ಅಂದರೆ ಸೆಪ್ಟೆಂಬರ್ 22ರಂದು, ಕೊಡಗಿನವರೇ ಆದ ಇನ್ನೊಬ್ಬ ವಾಯುಪಡೆ ಅಧಿಕಾರಿ, ಕಾರ್ಯಪ್ಪನವರ ಪುತ್ರ ಕೆ.ಸಿ. ಕಾರ್ಯಪ್ಪನವರ ಹಂಟರ್ ವಿಮಾನವೂ ಗುಂಡಿಗೆ ಸಿಲುಕಿ ಅವರು ಪಾಕಿಸ್ತಾನದಲ್ಲಿ ಸೆರೆಯಾಳಾದರು. ಅವರು ಜೀವಂತವಾಗಿರುವ ಸಂಗತಿ ತಿಳಿದುಬಂದಿತು, ಸೆರೆಯಾಳುಗಳ ವಿನಿಮಯದಲ್ಲಿ ಅವರು ಮರಳಿದರು. ದೇವಯ್ಯನವರ ವಿಷಯದಲ್ಲಿ ಅಂತಹ ಸುದ್ದಿ ಬರಲಿಲ್ಲ. ಸೆರೆಯಾಳುಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಪಾರ್ಥಿವ ಶರೀರವೂ ಬರಲಿಲ್ಲ.

ಮೃತರಾದ ಯೋಧರ ಕುಟುಂಬಕ್ಕೆ ದುಃಖದ ಜೊತೆಗೆ ಒಂದು ನಿಶ್ಚಿತತೆಯಾದರೂ ಇರುತ್ತದೆ. ಕಾಣೆಯಾದವರ ಕುಟುಂಬಕ್ಕೆ ಅದೂ ಇರುವುದಿಲ್ಲ. ಬಾಗಿಲು ಬಡಿದ ಸದ್ದಿಗೆಲ್ಲ ಒಂದು ನಿರೀಕ್ಷೆ ಉಳಿದುಕೊಂಡಿರುತ್ತದೆ. ದೇವಯ್ಯನವರ ಪತ್ನಿಯವರು ಹಾಗೂ ಕುಟುಂಬದವರು ಇಂತಹ ಸ್ಥಿತಿಯಲ್ಲಿ ವರ್ಷಗಳನ್ನು ಕಳೆಯಬೇಕಾಯಿತು. ಅವರಿಗೆ ಅಂತಿಮ ಕ್ರಿಯೆ ನೆರವೇರಿಸಲು ಒಂದು ಸಮಾಧಿಯೂ, ಹೇಳಿಕೊಳ್ಳಲು ಒಂದು ವೃತ್ತಾಂತವೂ ಇರಲಿಲ್ಲ.

ಶೌರ್ಯ ಪ್ರಶಸ್ತಿಗಳ ನಿಯಮಗಳು ಸಾಕ್ಷ್ಯಾಧಾರವನ್ನು ಅಪೇಕ್ಷಿಸುತ್ತವೆ. ಕಣ್ಣಾರೆ ಕಂಡ ಸಹಚರರು, ಮೇಲಧಿಕಾರಿಯ ಶಿಫಾರಸು, ಕಾರ್ಯಾಚರಣೆಯ ವರದಿ ಇವುಗಳ ಆಧಾರದ ಮೇಲೆ ಪ್ರಶಸ್ತಿಯನ್ನು ತೀರ್ಮಾನಿಸಲಾಗುತ್ತದೆ. ದೇವಯ್ಯನವರ ವಿಷಯದಲ್ಲಿ ಸಾಕ್ಷ್ಯವು ಗಡಿಯ ಆಚೆಗೆ ಉಳಿದುಬಿಟ್ಟಿತ್ತು. ನಿಯಮದಲ್ಲಿ ದೋಷವಿರಲಿಲ್ಲ, ಆದರೆ ನ್ಯಾಯವೂ ದೊರೆತಿರಲಿಲ್ಲ.

8. ಸತ್ಯಾಂಶ ಹೊರಬಂದ ಬಗೆ

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯ ಸಹಕಾರದೊಂದಿಗೆ 1965ರ ವಾಯು ಯುದ್ಧದ ಬಗ್ಗೆ ಬರೆದ ಪುಸ್ತಕವು ಪ್ರಕಟವಾಯಿತು. ಪಾಕಿಸ್ತಾನದ ದೃಷ್ಟಿಯಿಂದ ಬರೆದ ಆ ಪುಸ್ತಕದಲ್ಲಿಯೇ ಭಾರತದ ಕಡತಗಳಲ್ಲಿ ಇಲ್ಲದಿದ್ದ ಮಾಹಿತಿಯು ದೊರೆಯಿತು.

ಅದರಿಂದ ತಿಳಿದುಬಂದ ವೃತ್ತಾಂತ ಈ ಕೆಳಕಂಡಂತಿದೆ. ದಾಳಿಯ ನಂತರ ಮರಳುತ್ತಿದ್ದ ಮಿಸ್ಟೇರ್‌ಗಳನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಅಧಿಕಾರಿಯು ಸ್ಟಾರ್‌ಫೈಟರ್‌ನಲ್ಲಿ ಬೆನ್ನಟ್ಟಿ ತಡೆದರು. ಅವರ ದಾಳಿಗೆ ಒಂದು ಮಿಸ್ಟೇರ್ ತೀವ್ರವಾಗಿ ಜಖಂಗೊಂಡಿತು. ಅಂತಹ ಸ್ಥಿತಿಯಲ್ಲಿ ಅದರ ಚಾಲಕನು ಧುಮುಕಿ ಪಾರಾಗಲು ಪ್ರಯತ್ನಿಸುವುದು ಸಹಜ. ಆದರೆ ಆ ಮಿಸ್ಟೇರ್‌ನ ಚಾಲಕ ಹಾಗೆ ಮಾಡದೆ, ಜಖಂಗೊಂಡ ವಿಮಾನವನ್ನೇ ತಿರುಗಿಸಿ ಸ್ಟಾರ್‌ಫೈಟರ್‌ನ ಮೇಲೆ ಎರಗಿದರು. ನೆಲಕ್ಕೆ ಸಮೀಪದಲ್ಲಿ ನಡೆದ ಆ ಸೆಣಸಾಟದಲ್ಲಿ ಮಿಸ್ಟೇರ್‌ನ ಫಿರಂಗಿ ಗುಂಡುಗಳು ಗುರಿ ತಾಗಿದವು. ಸ್ಟಾರ್‌ಫೈಟರ್ ಹತೋಟಿ ತಪ್ಪಿ ಬಿದ್ದಿತು. ಅಮ್ಜದ್ ಹುಸೇನ್ ಅವರು ಪ್ಯಾರಾಚೂಟ್ ಮೂಲಕ ಇಳಿದು ಬದುಕುಳಿದರು. ಮಿಸ್ಟೇರ್‌ನ ಚಾಲಕ ಬದುಕುಳಿಯಲಿಲ್ಲ.

ಅಂದು ಮುಂಜಾನೆಯ ಆ ದಾಳಿಯಿಂದ ಹಿಂದಿರುಗದ ಮಿಸ್ಟೇರ್ ದೇವಯ್ಯನವರದಾಗಿತ್ತು. ದಿನಾಂಕ, ಸಮಯ, ಸ್ಥಳ ಹಾಗೂ ವಿಮಾನದ ಮಾದರಿಯನ್ನು ತಾಳೆ ನೋಡಿದಾಗ ಆ ಚಾಲಕ ಯಾರೆಂಬುದು ಸ್ಪಷ್ಟವಾಯಿತು. ಗ್ರಾಮಸ್ಥರು ಅವರ ಪಾರ್ಥಿವ ಶರೀರವನ್ನು ಹೊಲಗಳ ಸಮೀಪದಲ್ಲಿ ಮಣ್ಣು ಮಾಡಿದರೆಂಬ ಉಲ್ಲೇಖವೂ ನಂತರದ ಬರಹಗಳಲ್ಲಿ ಕಂಡುಬರುತ್ತದೆ.

ಈ ವಿಷಯವು ದಳದ ಮುಖ್ಯಸ್ಥರಾಗಿದ್ದ ತನೇಜಾ ಅವರ ಗಮನಕ್ಕೆ ಬಂದಿತು. ಯುದ್ಧ ಮುಗಿದು ಎರಡು ದಶಕಗಳೇ ಕಳೆದಿದ್ದವು. ತಮ್ಮ ಅಧೀನದ ಅಧಿಕಾರಿಯೊಬ್ಬರ ಪ್ರಕರಣವನ್ನು ಮುಗಿದ ಅಧ್ಯಾಯವೆಂದು ಭಾವಿಸಿ ಅವರು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ, ಲಭ್ಯ ಮಾಹಿತಿಯೊಂದಿಗೆ ರಕ್ಷಣಾ ಇಲಾಖೆಗೆ ಬರೆದು ದೇವಯ್ಯನವರಿಗೆ ಶೌರ್ಯ ಪ್ರಶಸ್ತಿ ನೀಡುವಂತೆ ಕೋರಿದರು.

9. ಮಹಾವೀರ ಚಕ್ರ

ಭಾರತ ಸರ್ಕಾರವು ವಿಷಯವನ್ನು ಪರಿಶೀಲಿಸಿ, 1988ರಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಯುದ್ಧಕಾಲದ ಶೌರ್ಯಕ್ಕಾಗಿ ನೀಡುವ ಪ್ರಶಸ್ತಿಗಳಲ್ಲಿ ಇದು ಪರಮವೀರ ಚಕ್ರದ ನಂತರದ ಸ್ಥಾನದಲ್ಲಿರುತ್ತದೆ. ಅವರ ಪತ್ನಿಯವರು ಪ್ರಶಸ್ತಿಯನ್ನು ಸ್ವೀಕರಿಸಿದರು. ಘಟನೆ ನಡೆದು 23 ವರ್ಷಗಳ ನಂತರ ಇಂತಹ ಪ್ರಶಸ್ತಿಯನ್ನು ನೀಡಿದ ನಿದರ್ಶನಗಳು ಅತಿ ವಿರಳ.

ಈ ಪ್ರಕರಣದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ದೇವಯ್ಯನವರ ಶೌರ್ಯಕ್ಕೆ ಸಾಕ್ಷಿಯಾದವರು ಅವರೊಡನೆ ಸೆಣಸಿದ ಎದುರಾಳಿಯೇ ಆಗಿದ್ದರು. ಯುದ್ಧದಲ್ಲಿ ಸೋತ ಸಂಗತಿಯನ್ನು ಮರೆಮಾಚದೆ ದಾಖಲಿಸಿದ್ದರಿಂದಲೇ ಈ ಕಡೆಯ ಯೋಧರಿಗೆ ನ್ಯಾಯ ದೊರಕಿಸಲು ಸಾಧ್ಯವಾಯಿತು.

10. ನಂತರದ ಆಧುನೀಕರಣ

ದೇವಯ್ಯನವರು ಅನುಭವಿಸಿದ ಅಸಮಬಲದ ಹೋರಾಟವು ವಾಯುಪಡೆಯ ಆಧುನೀಕರಣವು ಏಕೆ ನಿರಂತರವಾಗಿ ನಡೆಯಬೇಕೆಂಬುದನ್ನು ಮನಗಾಣಿಸುತ್ತದೆ. ಚಾಲಕನ ಧೈರ್ಯವು ವಿಮಾನದ ಕೊರತೆಯನ್ನು ಒಮ್ಮೆ ತುಂಬಬಹುದು. ಪ್ರತಿ ಬಾರಿಯೂ ತುಂಬುವಂತೆ ದೇಶವು ಅವನಿಂದ ಅಪೇಕ್ಷಿಸಲಾಗದು.

1965ರ ನಂತರ ಮಿಗ್-21 ವಿಮಾನಗಳನ್ನು ದೊಡ್ಡ ಪ್ರಮಾಣದಲ್ಲಿ ಸೇರಿಸಿಕೊಳ್ಳಲಾಯಿತು, ನಾಸಿಕ್‌ನಲ್ಲಿ ಅವುಗಳ ತಯಾರಿಕೆಯೂ ನಡೆಯಿತು. ಮಿಸ್ಟೇರ್‌ಗಳು 1973ರ ವೇಳೆಗೆ ಸೇವೆಯಿಂದ ನಿವೃತ್ತಿ ಹೊಂದಿದವು. 1979ರಲ್ಲಿ ಜಾಗ್ವಾರ್, 1985ರಲ್ಲಿ ಮಿರಾಜ್-2000, ನಂತರ ಮಿಗ್-29 ಹಾಗೂ ಸುಖೋಯ್-30 ವಿಮಾನಗಳು ಬಂದವು. ದೇವಯ್ಯನವರ 1ನೇ ಸ್ಕ್ವಾಡ್ರನ್ ಮಿಸ್ಟೇರ್‌ನಿಂದ ಮಿಗ್-21ಕ್ಕೂ, ಅಲ್ಲಿಂದ ಮಿರಾಜ್-2000ಕ್ಕೂ ಬದಲಾಗಿ, ಗ್ವಾಲಿಯರ್‌ನಲ್ಲಿ ನೆಲೆಸಿದೆ. ರಫೇಲ್ ವಿಮಾನಗಳನ್ನು 2020ರ ಸೆಪ್ಟೆಂಬರ್ 10ರಂದು ಸೇವೆಗೆ ಸೇರಿಸಿಕೊಳ್ಳಲಾಯಿತು.

ಬೆಂಗಳೂರಿನಲ್ಲಿ ವಿನ್ಯಾಸಗೊಂಡ ಹಗುರ ಯುದ್ಧವಿಮಾನವು 2001ರ ಜನವರಿ 4ರಂದು ಮೊದಲ ಹಾರಾಟ ನಡೆಸಿತು. ತೇಜಸ್ ಎಂಬ ಹೆಸರಿನ ಈ ವಿಮಾನಗಳ ಪ್ರಥಮ ದಳವಾದ 45ನೇ ಸ್ಕ್ವಾಡ್ರನ್ 2016ರ ಜುಲೈ 1ರಂದು ಬೆಂಗಳೂರಿನಲ್ಲಿಯೇ ಪ್ರಾರಂಭವಾಯಿತು. ಸುಧಾರಿತ ಮಾದರಿಯ 83 ತೇಜಸ್ ವಿಮಾನಗಳಿಗೆ 2021ರಲ್ಲಿಯೂ, ಇನ್ನೂ 97 ವಿಮಾನಗಳಿಗೆ 2025ರ ಸೆಪ್ಟೆಂಬರ್‌ನಲ್ಲಿಯೂ ಒಪ್ಪಂದ ಮಾಡಿಕೊಳ್ಳಲಾಗಿದೆ. 2025ರ ಸೆಪ್ಟೆಂಬರ್ 26ರಂದು ಮಿಗ್-21 ವಿಮಾನಗಳು ಆರು ದಶಕಗಳ ಸೇವೆಯ ನಂತರ ನಿವೃತ್ತಿಗೊಂಡವು. ಇದರಿಂದ ಮಂಜೂರಾದ 42 ಯುದ್ಧವಿಮಾನ ಸ್ಕ್ವಾಡ್ರನ್‌ಗಳ ಪೈಕಿ 29 ಮಾತ್ರ ಉಳಿದವು. ಈ ಅಂತರವನ್ನು ತುಂಬುವುದು ವಾಯುಪಡೆಯ ಮುಂದಿರುವ ಬಹುಮುಖ್ಯ ಕಾರ್ಯವಾಗಿದೆ.

11. ಸ್ಮರಣೆ

ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತದಲ್ಲಿ ಅವರ ಪ್ರತಿಮೆಯನ್ನು 2020ರ ಸೆಪ್ಟೆಂಬರ್ 7ರಂದು, ಅವರು ಮಡಿದ 55ನೇ ವರ್ಷದ ದಿನದಂದೇ, ಅನಾವರಣಗೊಳಿಸಲಾಯಿತು. 2025ರ ಜನವರಿಯಲ್ಲಿ ಅವರ ಜೀವನದಿಂದ ಪ್ರೇರಿತವಾದ ಹಿಂದಿ ಚಲನಚಿತ್ರವೊಂದು ತೆರೆಕಂಡ ನಂತರ ಅವರ ಸಾಹಸವು ದೇಶದ ಇತರ ಭಾಗಗಳ ಜನರಿಗೂ ಪರಿಚಯವಾಯಿತು. ಚಿತ್ರದಲ್ಲಿ ಪಾತ್ರದ ಹೆಸರನ್ನು ಬದಲಿಸಲಾಗಿರುತ್ತದೆ.

12. ಸಾರ್ವಜನಿಕರ ಗಮನಕ್ಕೆ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಭಾಗದಿಂದ ಸೇನೆಯ ಮೂರೂ ಅಂಗಗಳಲ್ಲಿ ಸೇವೆ ಸಲ್ಲಿಸಿದ ಹಾಗೂ ಸಲ್ಲಿಸುತ್ತಿರುವವರ ಕುಟುಂಬಗಳಿಗೆ ದೇವಯ್ಯನವರ ಜೀವನವು ಸ್ಫೂರ್ತಿಯ ಜೊತೆಗೆ ಒಂದು ತಿಳಿವಳಿಕೆಯನ್ನೂ ನೀಡುತ್ತದೆ. ಯೋಧನು ಮಾಡಿದ ಕಾರ್ಯ ಎಷ್ಟೇ ದೊಡ್ಡದಾಗಿದ್ದರೂ ಅದು ದಾಖಲೆಯಲ್ಲಿ ಸೇರಿದಾಗ ಮಾತ್ರ ಕುಟುಂಬಕ್ಕೆ ಸಲ್ಲಬೇಕಾದುದು ಸಲ್ಲುತ್ತದೆ. ಆದುದರಿಂದ ಸೇವಾ ಸಂಖ್ಯೆ, ಹೆಸರಿನ ಅಕ್ಷರಗಳು, ಜನ್ಮ ದಿನಾಂಕ, ವಾರಸುದಾರರ ವಿವರ ಹಾಗೂ ಸೇವಾ ಪ್ರಮಾಣ ಪತ್ರಗಳನ್ನು ಸರಿಯಾಗಿ ನಮೂದಿಸಿಕೊಂಡು, ತಪ್ಪು ಕಂಡುಬಂದಲ್ಲಿ ಸಂಬಂಧಪಟ್ಟವರಿಗೆ ಲಿಖಿತವಾಗಿ ತಿಳಿಸಿ ತಿದ್ದುಪಡಿ ಮಾಡಿಸಿಕೊಳ್ಳುವುದು ಸೂಕ್ತ. ತಡವಾಯಿತೆಂಬ ಕಾರಣಕ್ಕೆ ನ್ಯಾಯವಾದ ಕೋರಿಕೆಯನ್ನು ಕೈಬಿಡಬೇಕಾಗಿಲ್ಲ.

ಸೆಪ್ಟೆಂಬರ್ 7ರ ಮುಂಜಾನೆ ಹೊರಡಬೇಕಾಗಿದ್ದ 12 ಮಂದಿಯ ಪಟ್ಟಿಯಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಕದನ ವಿರಾಮದ ನಂತರ ಮರಳಿದವರ ಪಟ್ಟಿಯಲ್ಲಿಯೂ ಇರಲಿಲ್ಲ. 1988ರಲ್ಲಿ ಅದು ಮಹಾವೀರ ಚಕ್ರ ಪುರಸ್ಕೃತರ ಪಟ್ಟಿಗೆ ಸೇರಿತು. ಮಡಿಕೇರಿಗೆ ಭೇಟಿ ನೀಡುವ ನಾಗರಿಕರು ಆ ವೃತ್ತದಲ್ಲಿ ಒಂದು ಕ್ಷಣ ನಿಂತು ಅವರಿಗೆ ಗೌರವ ಸಲ್ಲಿಸಬಹುದಾಗಿದೆ.